ಇನ್ನೂ ನಾಲ್ಕು ನಿಮಿಷ

ಮಾರ್ಚ್ ೯, ಸೋಮವಾರ

ನನ್ನ ಗುಬ್ಬಿಗೆ ಅಮ್ಮನ ಆಶೀರ್ವಾದಗಳು.

ನಾನಿಲ್ಲಿ ಕ್ಷೇಮ ಎಂದು ಬರೆದರೆ ನೀನು ಸುಮ್ಮನೆ ನಂಬುವವಳಲ್ಲ. ಆದ್ದರಿಂದ ಪುರಾವೆ ಸಮೇತ ಬರೆಯುತ್ತೇನೆ. ಇವತ್ತು ಬೆಳಗ್ಗೆ ನಿಮ್ಮಪ್ಪ ಬಚ್ಚಲಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದರು, ನಾನು ಅಡುಗೆಮನೆಯಲ್ಲಿದ್ದೆ. ಅಲ್ಲಿಯವರೆಗೆ ಅವರ ಸೋಪಿನ ವಾಸನೆ ಬಂತು! ನನ್ನ ಮೂಗಿಗೆ ಯಾವ ವಾಸನೆಯೂ ತಾಗದೆ ನಾಲ್ಕು ವರ್ಷವಾಗಿತ್ತು, ನಿನಗೆ ಗೊತ್ತಲ್ಲ. ಹಾಲು ಸೀದರೆ ಪಕ್ಕದ ಮನೆಯವರು ಬಂದು ಹೇಳಬೇಕಿತ್ತು. ಕೈಯಲ್ಲಿದ್ದ ಸೌಟಿನ ಸಮೇತ ಓಡಿಹೋಗಿ ಬಚ್ಚಲ ಬಾಗಿಲಲ್ಲಿ ನಿಂತೆ. ನಿಮ್ಮಪ್ಪ ಹೆದರಿ, "ಏನೇ, ಹೊಡೆಯೋಕೆ ಬಂದ್ಯಾ?" ಎಂದರು. ಅವರ ಕೆನ್ನೆಯ ನೊರೆಗೆ ಮೂಗಿಟ್ಟು ಮೂಸಿದೆ. ಅರವತ್ತೆರಡರ ಹೆಂಗಸು ಮಾಡುವ ಕೆಲಸವಲ್ಲ, ಆದರೂ ಮಾಡಿದೆ.

ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು "ಏನಮ್ಮಾ?" ಎಂದ ಕೂಡಲೇ ನನ್ನ ಬಾಯಿಂದ "ಏನಿಲ್ಲ ಕಣೇ" ಎಂದು ಬಂದುಬಿಡುತ್ತದೆ. ಮೂವತ್ನಾಲ್ಕು ವರ್ಷ ಆಪರೇಷನ್ ಥಿಯೇಟರಿನಲ್ಲಿ ನರ್ಸಾಗಿದ್ದವಳ ಬಾಯಿ ಇದು. ಏನಾದರೂ ಆಗಿರುವಾಗಲೇ "ಏನಿಲ್ಲ" ಎನ್ನುವುದು ಅದಕ್ಕೆ ರೂಢಿ. ಕಾಗದದ ಮೇಲಾದರೆ ಯೋಚಿಸಿ ಬರೆಯಬಹುದು. ನೀನೂ ಅರ್ಧದಲ್ಲಿ ಫೋನ್ ಇಡುವ ಹಾಗಿಲ್ಲ. ಹರಿದುಹಾಕಬಹುದು, ಅದು ನಿನ್ನಿಷ್ಟ. ಪೂರ್ತಿ ಓದಿ ಹರಿ.

ಮೊದಲು ಚಿಕ್ಕ ಸುಳ್ಳನ್ನು ಒಪ್ಪಿಕೊಳ್ಳುತ್ತೇನೆ. ಕಳೆದ ತಿಂಗಳು ಒಂದು ವಾರ ನಿನ್ನ ಚಿಕ್ಕಮ್ಮನ ಮನೆಗೆ ಹೋಗುತ್ತೇನೆ ಎಂದಿದ್ದೆನಲ್ಲ, ಹೋಗಲಿಲ್ಲ. ಅವಳನ್ನು ಬೈಯಬೇಡ, ಏನು ಹೇಳಬೇಕೆಂದು ನಾನೇ ಹೇಳಿಕೊಟ್ಟಿದ್ದೆ. ಆ ವಾರ ನಾನು ಮೂಗಿನ ಆಪರೇಷನ್ ಮಾಡಿಸಿಕೊಂಡೆ. ದುರ್ಮಾಂಸ ಬೆಳೆದು ಎರಡು ಹೊಳ್ಳೆಯೂ ಕಟ್ಟಿಹೋಗಿದ್ದವು, ಅದನ್ನು ತೆಗೆಸಿದೆ. ಹೌದು, ನಾನೇ! ಡಾಕ್ಟರು ನಾಲ್ಕು ವರ್ಷದಿಂದ ಹೇಳುತ್ತಿದ್ದರೂ ಮೂಗಿನ ಆಪರೇಷನ್ ಎಂದ ಕೂಡಲೇ ಕಾಲು ಕೀಳುತ್ತಿದ್ದ ನಾನೇ. ಬೇರೆಯವರಿಗೆಲ್ಲ "ಧೈರ್ಯವಾಗಿರಿ" ಎಂದು ಹೇಳಿದವಳು ತನ್ನ ಸರದಿ ಬಂದಾಗ ಮೂಲೆ ಸೇರಿದ್ದೆ. ಆ ಕಾಲದಲ್ಲಿ ಮೂಗಿನೊಳಗೆ ಮೊಳಗಟ್ಟಲೆ ಬಟ್ಟೆಯ ಪಟ್ಟಿ ತುರುಕುವುದನ್ನೂ, ಎರಡು ದಿನ ಬಿಟ್ಟು ಅದನ್ನು ಎಳೆಯುವಾಗ ದಾಂಡಿಗರಂಥ ಗಂಡಸರು ಗೊಳೋ ಎಂದು ಅತ್ತಿದ್ದನ್ನೂ ಎಷ್ಟು ನೋಡಿದ್ದೇನೆ ಎಂದರೆ, ಮೂಗು ಅಂದಮೇಲೆ ನೋವು ಇದ್ದದ್ದೇ ಎಂದು ನಂಬಿಬಿಟ್ಟಿದ್ದೆ.

ಹಾಗಾದರೆ ಈಗೇಕೆ ಹೋದೆ ಎಂದು ಕೇಳುತ್ತೀಯ. ಜನವರಿಯಲ್ಲಿ ಅಳಿಯಂದಿರು ಫೋನ್ ಮಾಡಿದ್ದರು. ಅವರ ಮೇಲೆ ಸಿಡುಕಬೇಡ. "ಅತ್ತೆ, ನಾನು ಹೇಳ್ದೆ ಅಂತ ಅವಳಿಗೆ ಗೊತ್ತಾಗ್ಬಾರದು" ಎಂದು ಮೂರು ಸಲ ಹೇಳಿಯೇ ವಿಷಯಕ್ಕೆ ಬಂದರು. ಪಾಪ, ಈಗ ಗೊತ್ತಾಯಿತು. ಸಿಗ್ನಲ್ ಹಸಿರಾದ ಮೇಲೂ ನಿನ್ನ ಬಸ್ಸು ಅಲ್ಲಾಡಲಿಲ್ಲವಂತೆ, ಹಿಂದಿನವರೆಲ್ಲ ಹಾರ್ನ್ ಹೊಡೆದರೂ ನಿನಗೆ ಎಚ್ಚರವಾಗಲಿಲ್ಲವಂತೆ, ಕೊನೆಗೆ ಕಂಡಕ್ಟರ್ ಬಂದು ಭುಜ ತಟ್ಟಿದರಂತೆ. ಒಳಗೆ ನಲವತ್ತು ಜನ. ಡಿಪೋ ಡಾಕ್ಟರು ನೋಡಿ, ಮೂಗಿನ ನಡುಗೋಡೆ ಸೊಟ್ಟ, ಒಂದೇ ಹೊಳ್ಳೆಯಲ್ಲಿ ಉಸಿರು, ಇರುಳೆಲ್ಲ ನಿದ್ದೆಯಿಲ್ಲ, ಅದಕ್ಕೇ ಹಗಲು ಕಣ್ಣು ಮುಚ್ಚುತ್ತದೆ ಎಂದರಂತೆ. ಏಪ್ರಿಲ್ ಮುಗಿಯುವುದರೊಳಗೆ ಮೂಗು ಸರಿಮಾಡಿಸಿಕೊಂಡು ಬರಬೇಕು, ಇಲ್ಲದಿದ್ದರೆ ಸ್ಟೇರಿಂಗ್ ಬಿಟ್ಟು ಪಾಸ್ ಕೌಂಟರಿನಲ್ಲೇ ಕೂರಬೇಕು. ಅದಕ್ಕೆ ನೀನು, "ಕೂರ್ತೀನಿ ಬಿಡಿ, ಮೂಗಿಗೆ ಮಾತ್ರ ಯಾರೂ ಕೈ ಹಾಕೋದು ಬೇಡ" ಎಂದೆಯಂತೆ. ಡಿಪೋದ ಮೊದಲ ಹೆಣ್ಣು ಡ್ರೈವರ್ ನೀನು. ಹನ್ನೊಂದು ವರ್ಷ ಒಂದು ಗೀರು ಬೀಳದ ಹಾಗೆ ಬಸ್ಸು ಓಡಿಸಿದವಳು. ಇಷ್ಟೂ ಕೇಳಿ ಮುಗಿಸುವಷ್ಟರಲ್ಲಿ ಹಿಂದಿನಿಂದ ಮೊಮ್ಮಗಳು ಕೂಗಿದಳು: "ಅಜ್ಜೀ, ಅಮ್ಮ ಗೊರಕೆ ಹೊಡೆದ್ರೆ ಮನೇಲೇ ಬಸ್ ಸ್ಟಾರ್ಟ್ ಆದಂಗೆ!" ನಕ್ಕೆ. ಫೋನಿಟ್ಟ ಮೇಲೆ ಅತ್ತುಬಿಟ್ಟೆ.

ನಿನಗೆ ಯಾತರ ಭಯ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾನು ಬಂದು "ಮಾಡಿಸ್ಕೋ, ಏನೂ ನೋವಾಗಲ್ಲ" ಎನ್ನುವ ಹಾಗಿರಲಿಲ್ಲ. ಆ ಮಾತನ್ನು ನಿನಗೆ ಒಂದು ಸಲ ಹೇಳಿದ್ದೇನೆ. ಇನ್ನೊಮ್ಮೆ ಹೇಳಬೇಕಾದರೆ ನಾನು ಅನುಭವಿಸಿಯೇ ಹೇಳಬೇಕು ಎನಿಸಿತು. ಮರುವಾರವೇ ಆಸ್ಪತ್ರೆಗೆ ಹೋಗಿ ಚೀಟಿ ಮಾಡಿಸಿದೆ.

ಆಪರೇಷನ್ನಿನ ಹಿಂದಿನ ದಿನ ಅರಿವಳಿಕೆ ಡಾಕ್ಟರು ವಾರ್ಡಿಗೆ ಬಂದರು. ಹೆಚ್ಚುಕಡಿಮೆ ನಿನ್ನ ವಯಸ್ಸಿನವಳೇ, ಕುಳ್ಳಗೆ, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಳು. ನನ್ನ ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತೇಬಿಟ್ಟಳು. ನಮ್ಮ ಕಾಲದಲ್ಲಿ ಅರಿವಳಿಕೆ ಡಾಕ್ಟರು ರೋಗಿಯ ಮುಖ ನೋಡುತ್ತಿದ್ದುದೇ ಆಪರೇಷನ್ ಮೇಜಿನ ಮೇಲೆ, ಅದೂ ತಲೆಕೆಳಗಾಗಿ. ನನಗೆ ಪೂರ್ತಿ ನಿದ್ದೆ ಬರಿಸುವುದಿಲ್ಲ, ಸ್ವಲ್ಪ ಮಂಪರು ಕೊಟ್ಟು ನರಗಳಿಗೆ ಬ್ಲಾಕ್ ಕೊಡುತ್ತೇನೆ ಎಂದಳು. ಒಂದು ಹಾಳೆಯ ಹಿಂಬದಿಯಲ್ಲಿ ಮೂಗು ಬರೆದಳು. ನೋವಿನ ಸುದ್ದಿಯನ್ನು ಒಯ್ಯುವ ನರಗಳು ಕೆನ್ನೆಯ ಮೂಳೆಯಿಂದ ಒಂದು, ಹುಬ್ಬಿನ ಒಳತುದಿಯಿಂದ ಒಂದು, ಮೂಗಿನ ಹಿಂಭಾಗದಿಂದ ಒಂದು ಬರುತ್ತವಂತೆ. "ಒಂದು ಕೋಣೆ ರಿಪೇರಿಗೆ ಇಡೀ ಮನೆಗೆ ಕತ್ತಲೆ ಮಾಡೋದು ಯಾಕಮ್ಮ? ಆ ಕೋಣೆ ಫ್ಯೂಸ್ ತೆಗೆದ್ರೆ ಆಯ್ತು. ಆಪರೇಷನ್ ಮುಗಿದ ಮೇಲೂ ಒಂದಷ್ಟು ಗಂಟೆ ಫ್ಯೂಸ್ ಹಾಕಲ್ಲ, ಅದರಿಂದ ನೋವು ಗೊತ್ತಾಗಲ್ಲ" ಎಂದಳು.

ನಾನು ಬಿಡುತ್ತೇನೆಯೇ? ಯಾವ ಔಷಧಿ, ಎಷ್ಟು, ಎಷ್ಟು ಹೊತ್ತು ಎಂದು ಒಂದರ ಮೇಲೊಂದು ಕೇಳಿದೆ. "ಏನಮ್ಮ, ಪರೀಕ್ಷೆ ತಗೋತಿದ್ದೀರಾ?" ಎಂದು ನಕ್ಕಳು. ಥಿಯೇಟರ್ ಸಿಸ್ಟರ್ ಆಗಿದ್ದೆ ಎಂದು ಹೇಳಿದೆ. ಕೂಡಲೇ, "ಹಾಗಾದ್ರೆ ಟೈಮ್ ನೀವೇ ನೋಡ್ಕೊಳ್ಳಿ. ಗೋಡೆ ಗಡಿಯಾರ ಕಾಣೋ ಹಾಗೆ ಮಲಗಿಸ್ತೀನಿ. ಬ್ಲಾಕ್ ಚೆನ್ನಾಗಿ ಹಿಡಿಯೋದು ಸೂಜಿಯಿಂದ ಅಲ್ಲ, ಕಾಯೋದ್ರಿಂದ. ತುಂಬ ಜನ ಕಾಯಲ್ಲ" ಎಂದಳು. ಸಹಜವಾಗಿ ಹೇಳಿದ ಮಾತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಹೊದಿಕೆಯನ್ನು ಕೊರಳವರೆಗೆ ಎಳೆದುಕೊಂಡೆ. ಹಳೆಯ ಆಸ್ಪತ್ರೆಯಲ್ಲಿ ನನ್ನನ್ನು ಎಲ್ಲರೂ 'ಗಡಿಯಾರ ಸಿಸ್ಟರ್' ಎನ್ನುತ್ತಿದ್ದರು ಎಂದು ಅವಳಿಗೆ ಹೇಳಲಿಲ್ಲ.

ಮರುದಿನ ಬೆಳಗ್ಗೆ ಒಂಬತ್ತಕ್ಕೆ ಮೇಜಿನ ಮೇಲೆ ಮಲಗಿದೆ. ಮೂವತ್ನಾಲ್ಕು ವರ್ಷ ಆ ದೀಪದ ಕೆಳಗೆ ನಿಂತಿದ್ದೆನೇ ಹೊರತು ಮಲಗಿರಲಿಲ್ಲ. ಅವಳು ಮೊದಲು ಮೂಗಿನೊಳಗೆ ಔಷಧಿಯಲ್ಲಿ ಅದ್ದಿದ ಹತ್ತಿಯ ಪಟ್ಟಿಯನ್ನು ಹಿಂದಿನವರೆಗೂ ಮೆಲ್ಲಗೆ ಇಟ್ಟಳು. ಆಮೇಲೆ ಎರಡು ಕೆನ್ನೆಗೆ, ಹುಬ್ಬಿನ ಒಳತುದಿಗೆ ಕೂದಲಿನಂಥ ಸೂಜಿ. ಪ್ರತಿ ಸಲವೂ "ಈಗ ಚುಚ್ತೀನಿ, ಇರುವೆ ಕಚ್ಚಿದಂಗಾಗುತ್ತೆ" ಎಂದು ಹೇಳಿಯೇ ಚುಚ್ಚಿದಳು. ಇರುವೆ ಕಚ್ಚಿದ ಹಾಗೇ ಆಯಿತು, ಕೆಂಪಿರುವೆ. ಸ್ವಲ್ಪ ಹೊತ್ತಿಗೆ ಮೇಲ್ತುಟಿ ದಿಂಬಿನಷ್ಟು ದಪ್ಪಗಾದಂತೆ ಅನಿಸಿತು. ಮಾತಾಡಲು ಹೋದರೆ ಕುಡುಕನ ಉಚ್ಚಾರ.

ಗಡಿಯಾರ ನೋಡುತ್ತಿದ್ದೆ. ಆರು ನಿಮಿಷವಾಗಿತ್ತು. ಬಾಗಿಲು ತಳ್ಳಿಕೊಂಡು ಸರ್ಜನ್ ಬಂದರು, ಕೈ ತೊಳೆದು, ಗ್ಲೌಸು ತೊಟ್ಟು, ಸಿದ್ಧವಾಗಿಯೇ. "ಆಯ್ತಾ?" ಎಂದರು. ಪಕ್ಕದಲ್ಲಿ ನಿಂತಿದ್ದ ಎಳೆಯ ನರ್ಸಮ್ಮ ತಟ್ಟನೆ, "ಆಯ್ತು ಸರ್" ಎಂದಳು.

"ಇಲ್ಲ ಸರ್. ಇನ್ನೂ ನಾಲ್ಕು ನಿಮಿಷ," ಎಂದಳು ನನ್ನ ಕುಳ್ಳಿ ಡಾಕ್ಟರು. ದನಿ ಏರಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ.

ಅಷ್ಟೇ ಕಣೇ. ಆಕಾಶವೇನೂ ಕಳಚಿ ಬೀಳಲಿಲ್ಲ. ಸರ್ಜನ್ "ಸರಿ" ಎಂದು ಕೈ ಎತ್ತಿ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತರು, ನನಗೆ ಎಷ್ಟು ಜನ ಮೊಮ್ಮಕ್ಕಳು ಎಂದು ವಿಚಾರಿಸಿದರು. ನಾಲ್ಕು ನಿಮಿಷವಾದ ಮೇಲೂ ಅವಳು ಅವರಿಗೆ ಬಿಟ್ಟುಕೊಡಲಿಲ್ಲ. ಐಸ್ ನೀರಿನ ಹತ್ತಿಯನ್ನು ಹಣೆಗೆ ಮುಟ್ಟಿಸಿ "ತಣ್ಣಗಿದೆಯಾ?" ಎಂದಳು, ಇದೆ ಎಂದೆ. ಮೂಗಿಗೆ ಮುಟ್ಟಿಸಿ "ಇಲ್ಲಿ?" ಎಂದಳು. ಮುಟ್ಟಿದ್ದೇ ಗೊತ್ತಾಗಲಿಲ್ಲ. ಅಷ್ಟರಲ್ಲಿ ನನ್ನ ಕಣ್ಣಿಂದ ನೀರು ಇಳಿದು ಎರಡೂ ಕಿವಿ ತುಂಬಿತ್ತು. ಅವಳು ಗಾಬರಿಯಾಗಿ ಬಗ್ಗಿ, "ನೋವಾಗ್ತಿದೆಯಾ ಅಮ್ಮ? ನಿಲ್ಲಿಸ್ಲಾ?" ಎಂದಳು. ಇಲ್ಲಮ್ಮ, ನೋವಿಲ್ಲ, ಮುಂದುವರಿಸು ಎಂದೆ. ನಿಜ ಹೇಳಿದೆ.

ಆಮೇಲೆ ಕಟಕಟ ಶಬ್ದ ಕೇಳಿಸಿತು, ಯಾರೋ ಏನೋ ಎಳೆಯುತ್ತಿರುವುದು ಗೊತ್ತಾಯಿತು, ಪಕ್ಕದ ಮನೆಯಲ್ಲಿ ಮೇಜು ಸರಿಸಿದ ಹಾಗೆ. ನೋವು ಮಾತ್ರ ಇಲ್ಲ. ಮುಗಿದ ಮೇಲೆ ಹೊರಗೆ ತಂದಾಗ ನಿಮ್ಮಪ್ಪ ಫ್ಲಾಸ್ಕು ತಬ್ಬಿಕೊಂಡು ಬೆಂಚಿನ ಮೇಲೆ ಕೂತಿದ್ದರು. ಮಧ್ಯಾಹ್ನ ಅವರು ಕೊಟ್ಟ ಚಹಾ ಅರ್ಧ ಬಾಯಿಗೆ, ಅರ್ಧ ಗಲ್ಲಕ್ಕೆ ಹೋಯಿತು, ತುಟಿ ಇನ್ನೂ ನನ್ನದಾಗಿರಲಿಲ್ಲ. ಇಬ್ಬರೂ ನಕ್ಕೆವು. ಒಂದು ಚೂರೂ ನೋವಾಗಲಿಲ್ಲ ಗುಬ್ಬಿ, ಅವತ್ತೂ ಇಲ್ಲ, ಆಮೇಲೂ ಇಲ್ಲ.

ಇನ್ನು ದೊಡ್ಡ ಸುಳ್ಳಿಗೆ ಬರುತ್ತೇನೆ. ಪೆನ್ನು ಕೆಳಗಿಟ್ಟು ಎದ್ದುಹೋಗಿ ಒಂದು ಲೋಟ ನೀರು ಕುಡಿದು ಬಂದೆ.

ನಿನಗೆ ಹನ್ನೊಂದು ವರ್ಷ. ಚಕ್ರದ ಹುಚ್ಚು ಆಗಲೇ ಹಿಡಿದಿತ್ತು. ಅಪ್ಪನ ಸೈಕಲ್ಲನ್ನು ಕದ್ದು ಓಡಿಸಲು ಹೋಗಿ ಶಾಲೆಯ ಗೇಟಿಗೆ ಮುಖ ಹೊಡೆದುಕೊಂಡೆ. ನಮ್ಮ ಆಸ್ಪತ್ರೆಗೇ ಎತ್ತಿಕೊಂಡು ಬಂದರು. ಅರಿವಳಿಕೆ ಡಾಕ್ಟರು ವಾರಕ್ಕೆ ಎರಡೇ ದಿನ ಬರುತ್ತಿದ್ದರು, ಅವತ್ತು ಅವರ ದಿನವಲ್ಲ. ಊತ ಹೆಚ್ಚುವ ಮೊದಲೇ ಮೂಳೆ ಕೂರಿಸಿಬಿಡೋಣ, ಮರಗಟ್ಟಿಸುವ ಔಷಧಿಯ ಪಟ್ಟಿ ಇಟ್ಟು ಹತ್ತು ನಿಮಿಷ ಕಾದರೆ ಮಗುವಿಗೆ ಗೊತ್ತೇ ಆಗುವುದಿಲ್ಲ ಎಂದರು ದೊಡ್ಡ ಡಾಕ್ಟರು. ಪಟ್ಟಿ ಇಟ್ಟವಳು ನಾನು. ಗಡಿಯಾರ ನೋಡಬೇಕಾದವಳೂ ನಾನೇ.

ನಮ್ಮ ಥಿಯೇಟರಿನಲ್ಲಿ ಒಂದು ಪದ್ಧತಿಯಿತ್ತು. ದೊಡ್ಡ ಡಾಕ್ಟರು ಬಾಗಿಲು ತಳ್ಳಿ "ಆಯ್ತಾ?" ಎಂದರೆ ಉತ್ತರ ಒಂದೇ, "ಆಯ್ತು ಸರ್". ಆಗಿರದಿದ್ದರೂ "ಆಯ್ತು". ಅವರು ಕೈ ತೊಳೆದು, ಗೌನು ಹಾಕಿ, ಗ್ಲೌಸು ತೊಡುವಷ್ಟರಲ್ಲಿ ನಾಲ್ಕೈದು ನಿಮಿಷ ಹೇಗೂ ಕಳೆಯುತ್ತಿತ್ತು, ಅಷ್ಟರಲ್ಲಿ ನಿಜವಾಗಿಯೂ ಆಗಿರುತ್ತಿತ್ತು. ಆ ಲೆಕ್ಕಾಚಾರ ನನ್ನದೇ. ಹೊಸದಾಗಿ ಬಂದ ನರ್ಸುಗಳಿಗೂ ಅದನ್ನೇ ಕಲಿಸುತ್ತಿದ್ದೆ. ನನ್ನ ಥಿಯೇಟರಿನಲ್ಲಿ ಯಾವ ಡಾಕ್ಟರೂ ಒಂದು ನಿಮಿಷ ಕಾಯಬೇಕಾಗಿ ಬಂದಿರಲಿಲ್ಲ, ಗಡಿಯಾರ ಸಿಸ್ಟರ್ ಎಂಬ ಬಿರುದು ಬಂದದ್ದೂ ಅದಕ್ಕೇ.

ಅವತ್ತು ಅವರು ಪಕ್ಕದ ಕೋಣೆಯಲ್ಲೇ ಕೈ ತೊಳೆದು, ಗ್ಲೌಸು ತೊಟ್ಟು ನೇರವಾಗಿ ಬಂದರು. "ಆಯ್ತಾ ಸಿಸ್ಟರ್?" ಎಂದರು. ಗಡಿಯಾರದಲ್ಲಿ ಆರು ನಿಮಿಷವಾಗಿತ್ತು. ನನ್ನ ಬಾಯಿ "ಆಯ್ತು ಸರ್" ಎಂದಿತು.

ಬಾಯಿ ತಪ್ಪಿ ಬಂತು ಎಂದು ಇಲ್ಲಿಗೇ ನಿಲ್ಲಿಸಿದರೆ ಅದೂ ಅರ್ಧ ಸುಳ್ಳೇ. ಅವರು ಸಲಕರಣೆ ಎತ್ತಿಕೊಳ್ಳುವಷ್ಟರಲ್ಲಿ "ಸರ್, ಇಲ್ಲ" ಎನ್ನಲು ಸಮಯವಿತ್ತು. ಇಬ್ಬರು ಹೊಸ ನರ್ಸುಗಳು ನೋಡುತ್ತಿದ್ದರು. ತನ್ನ ಮಗಳೆಂದು ನಿಧಾನಿಸಿದಳು ಎಂದುಕೊಂಡಾರು, ಗಡಿಯಾರ ಸಿಸ್ಟರ್ ಇವತ್ತು ತಪ್ಪಿದಳು ಎಂದುಕೊಂಡಾರು ಎನಿಸಿತು. ಅಷ್ಟಕ್ಕಾಗಿ ಸುಮ್ಮನಾದೆ. ನಿನ್ನ ತಲೆಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದು, "ಏನೂ ನೋವಾಗಲ್ಲ ಗುಬ್ಬಿ, ಅಮ್ಮ ಇದ್ದೀನಲ್ಲ" ಎಂದೆ.

ಆಮೇಲಿನದನ್ನು ನಾನು ನಿನಗೆ ಹೇಳಬೇಕಾಗಿಲ್ಲ. ನನ್ನ ಮಣಿಕಟ್ಟಿನ ಮೇಲೆ ನಿನ್ನ ಹಲ್ಲಿನ ಗುರುತು ಇವತ್ತಿಗೂ ಇದೆ. ನೀನು ಒದ್ದಾಡಿದ್ದರಿಂದ ಮೂಳೆ ಅರ್ಧ ಮಾತ್ರ ಕೂತಿತು, ಒಳಗೋಡೆ ಸೊಟ್ಟಗೇ ಉಳಿಯಿತು. ಇಪ್ಪತ್ತಾರು ವರ್ಷ ನೀನು ಒಂದೇ ಹೊಳ್ಳೆಯಲ್ಲಿ ಉಸಿರಾಡಿದ್ದು, ಸಿಗ್ನಲ್ಲಿನಲ್ಲಿ ಕಣ್ಣು ಮುಚ್ಚಿದ್ದು, ಎಲ್ಲ ಆ ನಾಲ್ಕು ನಿಮಿಷದಿಂದ. ನಿಮ್ಮಪ್ಪ ಆ ಡಾಕ್ಟರ ಕೈಗುಣವೇ ಸರಿಯಿಲ್ಲ ಎಂದು ಎಲ್ಲರ ಬಳಿಯೂ ಹೇಳಿಕೊಂಡು ಬಂದರು, ನಾನು ತುಟಿ ಬಿಚ್ಚಲಿಲ್ಲ. ಡಾಕ್ಟರೇ ಮರುದಿನ ನನ್ನ ಮುಂದೆ ನಿಂತು, "ಮಗೂಗೆ ಅಷ್ಟು ನೋವಾಗುತ್ತೆ ಅಂದ್ಕೊಂಡಿರ್ಲಿಲ್ಲ ಸಿಸ್ಟರ್, ತಪ್ಪು ನಂದೇ" ಎಂದರು. "ಇರ್ಲಿ ಬಿಡಿ ಸರ್" ಎಂದೆ. ಕ್ಷಮಿಸುವವಳ ಹಾಗೆ! ಅವರೀಗ ಇಲ್ಲ. ಅವರಿಗೆ ಹೇಳುವ ಅವಕಾಶವನ್ನೂ ಕಳೆದುಕೊಂಡೆ.

ನೀನು ಮಾತ್ರ ಯಾರನ್ನೂ ಬೈಯಲಿಲ್ಲ. ಆದರೆ ಅಂದಿನಿಂದ ಜ್ವರ ನೋಡಲು ಹಣೆ ಮುಟ್ಟಲು ಬಂದರೂ ತಲೆ ಹಿಂದಕ್ಕೆ ಎಳೆದುಕೊಳ್ಳುತ್ತೀಯ. ಹೆರಿಗೆಯ ದಿನ "ಅಮ್ಮ ಹೊರಗಿರ್ಲಿ" ಎಂದೆ. ನನಗೆ ಯಾಕೆಂದು ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಬೇಜಾರು ಮಾಡಿಕೊಂಡು ಓಡಾಡಿದೆ.

ನಿಮ್ಮಪ್ಪನಿಗೆ ನಿನ್ನೆ ಹೇಳಿದೆ. ಪೇಪರು ಮಡಚಿಟ್ಟು, ಚೀಲ ಹಿಡಿದು ಹೊರಗೆ ಹೋದರು. ತರಕಾರಿ ತಂದು ಮೇಜಿನ ಮೇಲೆ ಸುರಿದು, "ಅವಳಿಗೆ ಹೇಳು. ಫೋನಲ್ಲಿ ಬೇಡ, ನೀನು ಏನಿಲ್ಲ ಅಂದುಬಿಡ್ತೀಯ" ಎಂದರು. ಮೂವತ್ತೊಂಬತ್ತು ವರ್ಷ ನನ್ನ ಜೊತೆ ಬಾಳಿದ ಮನುಷ್ಯ. ಬಿಟ್ಟುಕೊಡಲಿಲ್ಲ, ಬೈಯಲೂ ಇಲ್ಲ. ಅವರ ಋಣ ದೊಡ್ಡದು.

ಆ ಕುಳ್ಳಿ ಡಾಕ್ಟರ್ ಹುಡುಗಿಯ ಋಣ ಇನ್ನೂ ದೊಡ್ಡದು. ಬಿಡುಗಡೆಯ ದಿನ ಅವಳ ಎರಡೂ ಕೈ ಹಿಡಿದುಕೊಂಡೆ. ನೋವಾಗದಂತೆ ನೋಡಿಕೊಂಡದ್ದಕ್ಕೆ ಎಂದು ಅವಳು ಅಂದುಕೊಂಡಳು. ಅದಕ್ಕೂ ಹೌದು. ಆದರೆ ನಾನು ಹೇಳಬೇಕಿದ್ದ ಮಾತನ್ನು ಯಾರಾದರೂ ಹೇಳಿದರೆ ಹೇಗಿರುತ್ತದೆ ಎಂದು ಸಾಯುವ ಮೊದಲು ಒಮ್ಮೆ ಕೇಳಿಸಿದಳಲ್ಲ, ಅದಕ್ಕೆ. ಅಲ್ಲೇ ನಿಂತು ಅವಳಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಅವಳು ನನಗೆ ಸಮಾಧಾನ ಹೇಳಲಿಲ್ಲ, ಅದೂ ಒಳ್ಳೆಯದೇ ಆಯಿತು. ನಿನ್ನ ಬಗ್ಗೆ ಮಾತ್ರ ಕೇಳಿದಳು. "ಅವರಿಗೆ ಪೂರ್ತಿ ನಿದ್ದೆ ಬರಿಸಿಯೇ ಮಾಡೋಣ. ಅಂಥಾ ನೆನಪಿರೋರನ್ನ ಎಚ್ಚರವಾಗಿಟ್ಟು ಮಾಡ್ಬಾರ್ದು. ಜೊತೆಗೆ ಬ್ಲಾಕೂ ಕೊಡ್ತೀನಿ, ಕಣ್ಣು ಬಿಟ್ಟಾಗ ನೋವಿರಬಾರ್ದಲ್ಲ. ಮೊದಲು ಸುಮ್ಮನೆ ಬಂದು ಮಾತಾಡಿ ಹೋಗ್ಲಿ. ಬೇಡ ಅನಿಸಿದ್ರೆ ಎದ್ದು ಹೋಗ್ಬಹುದು" ಎಂದಳು. ಅವಳು ಮೂಗು ಬರೆದ ಹಾಳೆಯನ್ನು ಇದರ ಜೊತೆ ಇಟ್ಟಿದ್ದೇನೆ. ಅವಳ ಫೋನ್ ನಂಬರು ಆ ಹಾಳೆಯ ಕೆಳಗಿದೆ. ನಿನ್ನ ಪರವಾಗಿ ನಾನು ದಿನ ಗೊತ್ತು ಮಾಡಿಲ್ಲ. ನಿನ್ನ ಮೂಗಿನ ವಿಷಯದಲ್ಲಿ ಇನ್ನು ನಾನು ಮೂಗು ತೂರಿಸುವುದಿಲ್ಲ.

ನನ್ನನ್ನು ಕ್ಷಮಿಸು ಎಂದು ಕೇಳಲು ಈ ಕಾಗದ ಬರೆಯುತ್ತಿಲ್ಲ. ಕ್ಷಮೆ ಬೇಕು, ಬೇಡವೆಂದರೆ ಮತ್ತೊಂದು ಸುಳ್ಳಾದೀತು. ಆದರೆ ಅದಕ್ಕಿಂತ ಮೊದಲು ನಿನಗೆ ಇದು ಗೊತ್ತಾಗಬೇಕು: ಅವತ್ತು ನೀನು ಅನುಭವಿಸಿದ ನೋವು ಮೂಗಿನದಲ್ಲ, ನನ್ನ ಬಾಯಿಯದು. ಮೂಗಿಗೆ ಕೈ ಹಾಕಿದರೆ ಹಾಗೇ ಆಗುತ್ತದೆ ಎಂದುಕೊಂಡು ನೀನು ಬಸ್ಸು ಬಿಡಬೇಡ. ಮಾಡಿಸಿಕೊಳ್ಳುವುದಿಲ್ಲ ಎಂದರೆ ಅದು ನಿನ್ನ ನಿರ್ಧಾರವಾಗಿರಲಿ, ನನ್ನಿಂದಾಗಿ ಆಗುವುದು ಬೇಡ. ಮಾಡಿಸಿಕೊಂಡೆಯಾದರೆ, ನಾನು ಬರಬೇಕೋ ಬೇಡವೋ ನೀನೇ ಹೇಳು. ಬಾ ಎಂದರೆ ಬಂದು ಹೊರಗಿನ ಬೆಂಚಿನ ಮೇಲೆ ಕೂರುತ್ತೇನೆ. ಕರೆಯದೆ ಒಳಗೆ ಬರುವುದಿಲ್ಲ.

ಅಳಿಯಂದಿರಿಗೆ ನನ್ನ ಕೃತಜ್ಞತೆ ತಿಳಿಸು. ಮೊಮ್ಮಗಳಿಗೆ ಮುತ್ತು. ಅವಳ ತಲೆಯ ಎಣ್ಣೆಯ ವಾಸನೆ ಹೇಗಿದೆ ಎಂದು ನನಗಿನ್ನೂ ಗೊತ್ತಿಲ್ಲ. ಬೇಗ ಗೊತ್ತಾಗಲಿ.

ಇಂತು ನಿನ್ನ
ಅಮ್ಮ

ತಾ.ಕ.: ಲಕೋಟೆಗೆ ಹಾಕುವ ಮೊದಲು ಇನ್ನೊಮ್ಮೆ ಓದಿದೆ. ಹಿಂದಿನ ಪುಟದಲ್ಲಿ "ಒಂದು ಚೂರೂ ನೋವಾಗಲಿಲ್ಲ, ಅವತ್ತೂ ಇಲ್ಲ, ಆಮೇಲೂ ಇಲ್ಲ" ಎಂದು ಬರೆದುಬಿಟ್ಟಿದ್ದೇನೆ. ನೋಡಿದೆಯಾ, ಈ ಕೈಗೂ ಅದೇ ಚಾಳಿ. ಅವತ್ತು ಆಗಲಿಲ್ಲ ಎಂಬುದು ನಿಜ. ಮರುದಿನ ಬೆಳಗ್ಗೆ, ಮರಗಟ್ಟಿದ್ದು ಬಿಟ್ಟ ಮೇಲೆ ನೋವಾಯಿತು. ಹತ್ತಕ್ಕೆ ಮೂರರಷ್ಟು. ಎರಡು ಮಾತ್ರೆ ತೆಗೆದುಕೊಂಡೆ, ಮಧ್ಯಾಹ್ನಕ್ಕೆ ಹೋಯಿತು. ಆ ಸಾಲನ್ನು ಹೊಡೆದುಹಾಕಿಲ್ಲ, ನಿನಗೆ ಕಾಣಲಿ ಎಂದೇ ಬಿಟ್ಟಿದ್ದೇನೆ. ಆದ್ದರಿಂದ ಈ ಸಲ ಮೊದಲೇ ಹೇಳುತ್ತಿದ್ದೇನೆ, ಗುಬ್ಬಿ. ನೋವಾಗುತ್ತದೆ. ಸ್ವಲ್ಪ.